ಸೈಕಲ್ ಗಾಲಿಯ ಬಲ ಎಲ್ಲಿದೆ?

ಮುಂಬಯಿಯ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವ ನಮ್ಮ ಮಿತ್ರರೊಬ್ಬರು ಬೆಳಗಿನ ಐದು ಗಂಟೆಗೇ ಬಾಗಿಲು ತೆಗೆಯಬೇಕಾದವರು. ಕುರ್ಲಾದಿಂದ ಹೋಗಿಬರಲೆಂದು ಅವರು ಮೂರು ವರ್ಷಗಳ ಹಿಂದೆ ಹಳೆಯದೊಂದು ರೋಡ್ ಬೈಕನ್ನು, ಎಂದರೆ ಬಾಗಿದ ಹಿಡಿಕೆಯ, ಸಪೂರ ಟಯರಿನ ಓಟದ ಸೈಕಲ್ಲನ್ನು, ಕೊಂಡರು. ಮೂರೇ ತಿಂಗಳಲ್ಲಿ ಹಿಂಗಾಲಿಯ ಕಡ್ಡಿ ನಾಲ್ಕು ಸಲ ಮುರಿಯಿತು. ನಾಲ್ಕನೆಯ ಸಲ ಗಾಲಿ ಸೊಟ್ಟಗಾಗಿ ಬ್ರೇಕಿಗೆ ಕಚ್ಚಿಕೊಂಡು ನಿಂತುಬಿಟ್ಟಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹೋಟೆಲು ಸೇರುವಾಗ ಬಾಗಿಲಲ್ಲಿ ಹಾಲಿನವನು ಕಾದಿದ್ದ, ಧಣಿಗಳೂ ಕಾದಿದ್ದರು. ಅಂದು ಧಣಿಗಳು ಏನೆಂದರೆಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಸಪೂರ ಗಾಲಿ ನಮ್ಮಂಥ ಬಡವರ ರಸ್ತೆಗೆ ತಾಳದೆಂದು ಅವರು ಸೈಕಲ್ಲನ್ನು ಗುಜರಿಗೆ ಹಾಕಹೊರಟಿದ್ದರು. ಆ ತೀರ್ಪು ನಮಗೆ ಒಪ್ಪಿಗೆಯಾಗಲಿಲ್ಲ.

ಊರಿನ ಎತ್ತಿನ ಗಾಡಿಯ ಗಾಲಿಯನ್ನು ವಾಚಕರು ನೆನೆದುಕೊಳ್ಳಲಿ. ಅಲ್ಲಿ ಭಾರವು ಕೆಳಗಿನ ಮರದ ಅರದ ಮೇಲೆ ಕೂರುತ್ತದೆ; ಅರವು ಕಂಬದಂತೆ ಹೊರುತ್ತದೆ. ಸೈಕಲ್ಲಿನ ಕಡ್ಡಿಯಾದರೋ ಸುಮಾರು 2 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ. ನಿಲ್ಲಿಸಿ ಅದುಮಿದರೆ ಹುಡುಗನ ಕೈಗೂ ಬಾಗೀತು. ಆದರೆ ಎಳೆತಕ್ಕೆ ಅದು ಬಗ್ಗುವ ವಸ್ತುವಲ್ಲ. ಹಿಂಗಾಲಿಯ ಬಲಮಗ್ಗುಲಿನ ಕಡ್ಡಿಗಳನ್ನು ಒಂದೊಂದಕ್ಕೂ ಸುಮಾರು 100 ಕಿಲೋ ತೂಗಹಾಕಿದಷ್ಟು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಹೀಗೆ ಎಳೆತದಿಂದ ನಿಲ್ಲುವ ಗಾಲಿಯನ್ನು ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲಿ ಯೋಚಿಸಿದ್ದು ಹಾರುವ ಯಂತ್ರಕ್ಕಾಗಿ! ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡಹಾಯಿಸಿ ಹೆಣೆಯುವ ಕ್ರಮಕ್ಕೆ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟು ಪಡೆದ.

ಸವಾರನು ಕುಳಿತಾಗ ನೆಲಕ್ಕೆ ತಾಗಿದೆಡೆಯ ನಾಲ್ಕಾರು ಕಡ್ಡಿಗಳ ಬಿಗಿ ಮಾತ್ರ ಕೊಂಚ ಇಳಿಯುತ್ತದೆ. ಉಳಿದವು ಹೆಚ್ಚುಕಡಮೆ ಮೊದಲಿನಂತೆಯೇ ಇರುತ್ತವೆ. ಗಾಲಿ ಒಂದು ಸುತ್ತು ತಿರುಗಿತೆಂದರೆ ಪ್ರತಿ ಕಡ್ಡಿಯೂ ಒಮ್ಮೆ ಸಡಿಲಾಗಿ ಮತ್ತೆ ಬಿಗಿಯಾಯಿತು. ಒಂದು ಕಿಲೋಮೀಟರಿಗೆ ಸುಮಾರು 470 ಸುತ್ತು. ದಿನಕ್ಕೆ 10 ಕಿಲೋಮೀಟರಿನಂತೆ 300 ದಿನ ಓಡಿಸಿದರೆ 14 ಲಕ್ಷ ಸಲ! ಕಡ್ಡಿಯು ಮುರಿಯುವುದು ಬಹುಮಟ್ಟಿಗೆ ಈ ದಣಿವಿನಿಂದಲೇ, ಅದೂ ಹಬ್ಬಿನ ಬಳಿ ಕೊಕ್ಕೆಯಂತೆ ಬಾಗಿದ ಜಾಗದಲ್ಲಿ. ಸಡಿಲಾದ ಗಾಲಿಯಲ್ಲಿ ಕಡ್ಡಿಯು ಪ್ರತಿ ಸುತ್ತಿಗೂ ಕೊಕ್ಕೆಯೆಡೆಯಲ್ಲಿ ಅಲುಗಾಡಿ ಬೇಗ ದಣಿಯುತ್ತದೆ.

ಮಿತ್ರರ ಸೈಕಲ್ಲಿಗೆ ಆದದ್ದೂ ಇದೇ. ಮೊದಲ ಅಂಗಡಿಯವನು ಮುರಿದ ಕಡ್ಡಿಯೊಂದನ್ನು ಬದಲಿಸಿ, ಗಾಲಿಯ ಸೊಟ್ಟವನ್ನಷ್ಟೇ ತಿದ್ದಿ ಕಾಸು ಪಡೆಯುತ್ತಿದ್ದ. ಕೊನೆಗೆ ವಿಜಾಪುರದ ಕಡೆಯ ವೃದ್ಧ ಮಿಸ್ತ್ರಿಯೊಬ್ಬನು ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಬೆರಳಿನಿಂದ ಮೀಟಿ ನೋಡಿ, “ಅಣ್ಣಾರ, ಹೊಸಾ ಕಡ್ಡಿ ಒಂದ ಗಟ್ಟಿ ಐತ್ರಿ, ಉಳಿದ ಇಪ್ಪತ್ಮೂರೂ ದಣದಾವ” ಎಂದ. 24 ಕಡ್ಡಿಗಳ ಗಾಲಿಯಲ್ಲಿ ಒಂದು ಹೋದರೆ ಉಳಿದವಕ್ಕೆ ಬೀಳುವ ಹೊರೆ ಸಾಮಾನ್ಯವಲ್ಲ. ನಮ್ಮ ಹಳೆಯ ಕರಿ ಸೈಕಲ್ಲುಗಳಿಗೆ ಮುಂದೆ 32, ಹಿಂದೆ 40 ಕಡ್ಡಿಗಳಿದ್ದವು. ಒಂದೆರಡು ಹೋದರೂ ಮನೆ ಮುಟ್ಟಿಸುತ್ತಿದ್ದವು.

ಗೇರಿನ ಸೈಕಲ್ಲಿನಲ್ಲಿ ಇನ್ನೊಂದು ತೊಡಕುಂಟು. ಹಲ್ಲುಚಕ್ರಗಳ ಗೊಂಚಲು ಬಲಗಡೆ ಜಾಗ ತಿನ್ನುವುದರಿಂದ ಆ ಮಗ್ಗುಲಿನ ಕಡ್ಡಿಗಳು ನೆಟ್ಟಗೆ, ಬಲು ಬಿಗಿಯಾಗಿ ನಿಲ್ಲುತ್ತವೆ. ಎಡಗಡೆಯವಕ್ಕೆ ಅರ್ಧದಷ್ಟೇ ಬಿಗಿ. ಆದುದರಿಂದ ಮೀಟಿ ನೋಡುವವರು ಒಂದೇ ಮಗ್ಗುಲಿನವನ್ನು ಪರಸ್ಪರ ಹೋಲಿಸತಕ್ಕದ್ದು. ರಿಮ್ಮನ್ನೇ ಹಿಡಿಯುವ ಬ್ರೇಕಾದರೆ ರಿಮ್ಮಿನ ಅಂಚೂ ವರ್ಷವರ್ಷ ಸವೆಯುತ್ತದೆಂಬುದನ್ನು ಮರೆಯಬಾರದು. ಮಳೆಗಾಲದ ಕೆಸರಿನಲ್ಲಿ ಇನ್ನೂ ಬೇಗ. ಹೊಂಡಗಳ ಪೆಟ್ಟಿಗೆ 23 ಮಿಲಿಮೀಟರಿಗಿಂತ 28ರ ಟಯರೇ ವಾಸಿ. ಓಟದ ಪಟುಗಳೂ ಈಚೆಗೆ ಅಗಲದ ಟಯರಿಗೇ ಬಂದಿದ್ದಾರೆ.

ಮಿಸ್ತ್ರಿಯು 32 ಕಡ್ಡಿಗಳ ಹೊಸ ಗಾಲಿಯನ್ನು ಹೆಣೆದುಕೊಟ್ಟ. ಹೆಣೆದ ಮೇಲೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿದ. ಬಾಗಿಸಿದಾಗ ಕೊಕ್ಕೆಯಲ್ಲಿ ಉಳಿದ ಸೆಳೆತ ಇದರಿಂದ ತಗ್ಗುತ್ತದೆ. ಅಮೆರಿಕದ ಇಂಜಿನಿಯರು ಜೋಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಗಾಲಿಯ ಬಗ್ಗೆಯೇ ಬರೆದ ಪುಸ್ತಕದಲ್ಲಿ ಈ ಕೆಲಸವನ್ನು ತಪ್ಪದೆ ಮಾಡಬೇಕೆಂದಿದ್ದಾನೆ. ನಮ್ಮ ಮಿಸ್ತ್ರಿ ಆ ಪುಸ್ತಕವನ್ನು ಕಂಡವನಲ್ಲ.

ಎರಡು ಮಳೆಗಾಲ ಕಳೆದಿವೆ. ಮಿತ್ರರು ರಜೆಯ ದಿನ ಗಾಲಿಯನ್ನು ಮೀಟುತ್ತ ಕೂರುವುದನ್ನು ನೋಡಿ ಚಾಳಿನ ಮಕ್ಕಳು ನಗುತ್ತಾರೆ. ಹೋಟೆಲಿನ ಬಾಗಿಲು ಐದಕ್ಕೇ ತೆರೆಯುತ್ತಿದೆ.