ದುರಸ್ತಿಯಾದ ಮೇಲೆ ಕಾರು ಓಲಾಡುವುದೇಕೆ?

ಮೈಸೂರಿನ ದೇವರಾಜ ಮೊಹಲ್ಲಾದ ಬೀದಿಗಳಲ್ಲಿ ನಡೆಯುವಾಗ ಹಳೆಯ ಮಾರುತಿ 800 ಕಾರೊಂದು ನಿಮ್ಮ ಕಣ್ಣಿಗೆ ಬಿದ್ದಿರಬಹುದು. 1983ರಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಎಂದರೆ, ಅವುಗಳಲ್ಲಿ ತೀರಾ ಹೊಸದಕ್ಕೂ ಈಗ ಹತ್ತು ವರ್ಷ ದಾಟಿದೆ. ಇಂಥ ಕಾರಿಗೆ ಹೊಸ ಶಾಕ್ ಅಬ್ಸಾರ್ಬರ್, ಹೊಸ ಸ್ಪ್ರಿಂಗು, ಹೊಸ ಬುಷ್ ಹಾಕಿಸಿದರೆಂದುಕೊಳ್ಳಿ. ದೇವರಾಜ ಮಾರುಕಟ್ಟೆಯ ಆಸುಪಾಸಿನ ಜನಸಂದಣಿಯಲ್ಲಿ, ಗಂಟೆಗೆ 20 ಕಿ.ಮೀ. ವೇಗದಲ್ಲಿ, ಅದು ಸೊಗಸಾಗಿಯೇ ಓಡುತ್ತದೆ. ಅದೇ ಕಾರು ಬೆಂಗಳೂರು ಹೆದ್ದಾರಿಯಲ್ಲಿ 80 ಕಿ.ಮೀ. ವೇಗ ಮುಟ್ಟಿದಾಗ ಎಡಕ್ಕೂ ಬಲಕ್ಕೂ ಅಲೆಯತೊಡಗುತ್ತದೆ. ಚಾಲಕ ಕ್ಷಣಕ್ಷಣವೂ ಸ್ಟಿಯರಿಂಗ್ ತಿದ್ದುತ್ತಿರಬೇಕು.

ವ್ಯತ್ಯಾಸವನ್ನು ಲೆಕ್ಕ ಹಾಕಿ ನೋಡಿ. 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ದಿಕ್ಕು 1 ಡಿಗ್ರಿ ತಪ್ಪಿದರೂ ಆ ಒಂದು ಸೆಕೆಂಡಿನಲ್ಲಿ ಅದು 39 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. 20 ಕಿ.ಮೀ. ವೇಗದಲ್ಲಾದರೆ ಈ ಸರಿತ 10 ಸೆಂ.ಮೀ. ಮಾತ್ರ. ಊರೊಳಗೆ ಕಾಣದ ದೋಷ ಹೆದ್ದಾರಿಯಲ್ಲಿ ಪ್ರಾಣಕ್ಕೆ ಎರವಾಗಬಲ್ಲುದು.

“ಎರಡು ದಿನ ಓಡಿಸಿ ಸಾರ್, ಸೆಟ್ ಆಗುತ್ತೆ” ಎಂಬ ಸಮಾಧಾನ ಗ್ಯಾರೇಜುಗಳಲ್ಲಿ ಸಾಮಾನ್ಯ. ಹೊಸ ಸ್ಪ್ರಿಂಗು ತುಸು ಇಳಿಯುತ್ತದೆ, ನಿಜ. ಆದರೆ ಅಲೆದಾಟ ಅದರಿಂದ ಹೋಗುವುದು ಅಪರೂಪ. ಮತ್ತೆ ಕೆಲವರು ನೇರವಾಗಿ ಸ್ಟಿಯರಿಂಗ್ ಬಾಕ್ಸನ್ನೇ ಬದಲಿಸಲು ಹೊರಡುತ್ತಾರೆ. ದುರಸ್ತಿಗೆ ಮುನ್ನ ಸರಿಯಿದ್ದ ಭಾಗ ದುರಸ್ತಿಯ ದಿನವೇ ಏಕೆ ಕೆಡಬೇಕು? ಮುಟ್ಟಿದ ಭಾಗಗಳನ್ನು ಮೊದಲು ಅನುಮಾನಿಸುವುದೇ ಸರಿ.

ಇಷ್ಟಕ್ಕೂ ಕಾರು ತಾನಾಗಿಯೇ ನೇರ ಹೋಗುವುದು ಹೇಗೆ? ಉತ್ತರ ನಿಮ್ಮ ಸೈಕಲ್ಲಿನಲ್ಲಿದೆ. ಹ್ಯಾಂಡಲ್ ತಿರುಗುವ ಕೊಳವೆಯ ನೇರಕ್ಕೆ ಒಂದು ಉದ್ದ ಕೋಲು ಹಿಡಿಯಿರಿ. ಕೋಲು ನೆಲ ಮುಟ್ಟುವ ಬಿಂದುವು ಚಕ್ರ ನೆಲ ಮುಟ್ಟುವ ಬಿಂದುವಿಗಿಂತ ಮುಂದಿರುತ್ತದೆ. ಎಂದರೆ, ಚಕ್ರವು ತಾನು ತಿರುಗುವ ಅಕ್ಷದ ಹಿಂದೆ ಎಳೆಸಿಕೊಂಡು ಬರುತ್ತದೆ. ಈ ಅಂತರವೇ ‘ಟ್ರೇಲ್’. ಕಾರಿನ ಮುಂದಿನ ಚಕ್ರಗಳ ಅಕ್ಷವೂ ಹೀಗೆಯೇ ಹಿಂದಕ್ಕೆ ವಾಲಿದೆ. ಆ ವಾಲಿಕೆಗೆ ‘ಕ್ಯಾಸ್ಟರ್ ಕೋನ’ ಎಂದು ಹೆಸರು. ಚಕ್ರ ಪಕ್ಕಕ್ಕೆ ಹೊರಳಿದರೆ ರಸ್ತೆಯ ಪಾರ್ಶ್ವಬಲ ಅಕ್ಷದ ಹಿಂದೆ ವರ್ತಿಸಿ ಅದನ್ನು ಮತ್ತೆ ನೇರಕ್ಕೆ ತಿರುಗಿಸುತ್ತದೆ.

ಮಾರುತಿ 800ರ ಸಾಮಾನ್ಯ ಟೈರಿನ ಮೇಲೆ 145/70 ಆರ್ 12 ಎಂದಿರುತ್ತದೆ. 12 ಅಂಗುಲದ ರಿಮ್, 145 ಮಿ.ಮೀ. ಅಗಲ, ಅಗಲದ ಶೇ. 70ರಷ್ಟು ಎತ್ತರದ ಪಕ್ಕಗೋಡೆ. ಇವುಗಳಿಂದ ತ್ರಿಜ್ಯ ಸುಮಾರು 254 ಮಿ.ಮೀ. ಎಂದು ಸಿಗುತ್ತದೆ. ಕ್ಯಾಸ್ಟರ್ 3 ಡಿಗ್ರಿ ಎಂದಿಟ್ಟುಕೊಂಡರೆ ಟ್ರೇಲ್ = 254 × ಟ್ಯಾನ್ 3° = 13 ಮಿ.ಮೀ. ಕೋನ 2 ಡಿಗ್ರಿಗೆ ಇಳಿದರೆ 9 ಮಿ.ಮೀ. ಪಾರ್ಶ್ವಬಲ 500 ನ್ಯೂಟನ್ ಇದ್ದಾಗ ನೇರಗೊಳಿಸುವ ಟಾರ್ಕ್ 6.5 ನ್ಯೂಟನ್ ಮೀಟರಿನಿಂದ 4.5ಕ್ಕೆ ಕುಸಿಯುತ್ತದೆ. ಟೈರಿನ ರಬ್ಬರು ನೆಲದ ಮೇಲೆ ಬಾಗುವುದರಿಂದಲೂ ಒಂದಿಷ್ಟು ಟ್ರೇಲ್ ದೊರೆಯುತ್ತದೆ. ಕಾರು ಪೂರ್ತಿ ಹಿಡಿತ ತಪ್ಪದಿರುವುದು ಅದರಿಂದಲೇ.

ಒಂದು ಡಿಗ್ರಿ ತಪ್ಪಲು ಬಹಳವೇನೂ ಬೇಕಿಲ್ಲ. ಈ ಕಾರಿನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರ ತಲೆ ಬಾಡಿಗೆ ಅಂಟಿಕೊಂಡಿದೆ. ಬುಡವನ್ನು ಅಡ್ಡಕ್ಕೆ ಹಿಡಿದಿರುವುದು ಲೋಯರ್ ಆರ್ಮ್. ಹಿಂದೆ ಮುಂದೆ ಸರಿಯದಂತೆ ಹಿಡಿದಿರುವುದು ಸ್ಟೆಬಿಲೈಸರ್ ಬಾರ್ ಮತ್ತು ಅದರ ರಬ್ಬರ್ ಬುಷ್‌ಗಳು. ತಲೆಗೂ ಬುಡಕ್ಕೂ 600 ಮಿ.ಮೀ. ಅಂತರವಿದ್ದರೆ, ಬುಡ 10 ಮಿ.ಮೀ. ಹಿಂದೆ ಸರಿದರೆ ಸಾಕು, ಹೆಚ್ಚು ಕಡಿಮೆ ಒಂದು ಡಿಗ್ರಿ ಹೋಯಿತು. ಬುಷ್ ಸವೆದಿದ್ದರೆ, ವಾಷರ್ ತಿರುಗುಮುರುಗಾಗಿದ್ದರೆ, ಬಾರ್ ಬಾಗಿದ್ದರೆ ಹೀಗಾಗಬಹುದು. ಈ ಕಾರಿನಲ್ಲಿ ಕ್ಯಾಸ್ಟರನ್ನು ತಿದ್ದಲು ಪ್ರತ್ಯೇಕ ಬೋಲ್ಟ್ ಇಲ್ಲ ಎಂಬುದನ್ನು ಗಮನಿಸಿ. ಅಲೈನ್‌ಮೆಂಟ್ ಯಂತ್ರ ದೋಷವನ್ನು ತೋರಿಸಬಲ್ಲುದು. ದೋಷಿಯನ್ನು ನಾವೇ ಹುಡುಕಬೇಕು.

ಪರೀಕ್ಷೆ ಅಗ್ಗದ್ದರಿಂದ ಶುರುವಾಗಲಿ. ಟೈರಿನ ಗಾಳಿ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ? ಕಾರು ಸದಾ ಒಂದೇ ಕಡೆಗೆ ಎಳೆಯುತ್ತಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿ. ಎಳೆತವೂ ದಿಕ್ಕು ಬದಲಿಸಿದರೆ ತಪ್ಪು ಟೈರಿನದು, ಸಸ್ಪೆನ್ಷನ್ನಿನದಲ್ಲ. ಬದಲಾಗದಿದ್ದರೆ ಸ್ಟಿಯರಿಂಗನ್ನು ನೇರವಾಗಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿದು ಎರಡೂ ಪಕ್ಕ ಅಳೆಯಿರಿ. ಈ ಕಾರಿನಲ್ಲಿ ಅದು 2175 ಮಿ.ಮೀ. ಇರಬೇಕು. ಒಂದು ಪಕ್ಕ ಹತ್ತು ಮಿಲಿಮೀಟರ್ ಕಡಿಮೆ ಬಂದರೆ ಬುಷ್‌ಗಳ ಕಡೆ ನೋಡಿ. ಹಿಂದಿನ ಆಕ್ಸಲ್ ಓರೆಯಾಗಿದ್ದರೂ ಹೀಗೆ ಬರಬಹುದು, ಮರೆಯಬೇಡಿ.

ತಿರುವು ಮುಗಿದರೂ ಸ್ಟಿಯರಿಂಗ್ ತಾನಾಗಿ ಹಿಂದಿರುಗುತ್ತಿಲ್ಲವೆ? ಇದು ಬೇರೆಯೇ ರೋಗ. ಸ್ಟ್ರಟ್ಟಿನ ತಲೆಯ ಬೇರಿಂಗ್ ಅಥವಾ ಹೊಸ ಬಾಲ್ ಜಾಯಿಂಟ್ ಬಿಗಿಯಾಗಿರಬಹುದು. ಮುಂಭಾಗವನ್ನು ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿದರೆ ತೊಡಕು ಗೊತ್ತಾಗುತ್ತದೆ. ಬರೀ ಜಾಕಿಯನ್ನು ನಂಬಿ ಕಾರಿನ ಕೆಳಗೆ ತೂರಬಾರದು.

ಚಕ್ರಗಳ ಮುಂಭಾಗದ ಅಂತರಕ್ಕೂ ಹಿಂಭಾಗದ ಅಂತರಕ್ಕೂ ಇರುವ ವ್ಯತ್ಯಾಸ ‘ಟೋ’. ಸ್ಪ್ರಿಂಗಿನ ಎತ್ತರ ಬದಲಾದರೆ ಟೈ ರಾಡ್‌ನ ಓರೆ ಬದಲಾಗಿ ಟೋ ಕೂಡ ಬದಲಾಗುತ್ತದೆ. 12 ಅಂಗುಲದ ರಿಮ್ಮಿನಲ್ಲಿ 3 ಮಿ.ಮೀ. ತಪ್ಪಿದರೆ ಪ್ರತಿ ಚಕ್ರಕ್ಕೂ 0.28 ಡಿಗ್ರಿ ಓರೆ. ಅಂಥ ಚಕ್ರ ಕಿಲೋಮೀಟರಿಗೆ ಸುಮಾರು 5 ಮೀಟರ್ ಅಡ್ಡಕ್ಕೆ ಉಜ್ಜಿದಂತಾಗುತ್ತದೆ.

ಟೋ ಸರಿಪಡಿಸುವ ಮುನ್ನ ಮೆಕ್ಯಾನಿಕ್ ಅವರನ್ನು ಒಂದು ಮಾತು ಕೇಳಿ: ಬುಷ್‌ಗಳ ಬೋಲ್ಟ್ ಬಿಗಿ ಮಾಡಿದ್ದು ಚಕ್ರ ತೂಗಾಡುತ್ತಿದ್ದಾಗಲೋ, ನೆಲದ ಮೇಲಿದ್ದಾಗಲೋ? ತೂಗಾಡುವಾಗ ಬಿಗಿ ಮಾಡಿದ್ದರೆ, ಕಾರು ಇಳಿದೊಡನೆ ರಬ್ಬರು ತಿರುಚಿಕೊಂಡು ತಾನೇ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಬೋಲ್ಟ್‌ಗಳನ್ನು ಸಡಿಲಿಸಿ, ಕಾರಿನ ಭಾರವೆಲ್ಲ ಚಕ್ರಗಳ ಮೇಲಿರುವಾಗ ಮತ್ತೆ ಬಿಗಿ ಮಾಡಬೇಕು. ಟೋ ಅಳತೆ ಅದಾದ ಮೇಲೆ.