ಅಡ್ಡ ತೈಲಬಾವಿಗಳಲ್ಲಿ ಒಳಹರಿವಿನ ನಿಯಂತ್ರಣ: ಸಾರ್ವಜನಿಕರ ಮಾಹಿತಿಗಾಗಿ

ಭೂಮಿಯೊಳಕ್ಕೆ ನೇರವಾಗಿ ಕೊರೆದು, ತೈಲವಿರುವ ಪದರವನ್ನು ತಲುಪಿದ ನಂತರ ಅಡ್ಡಲಾಗಿ ತಿರುಗಿಸಿ ಮುಂದುವರಿಸುವ ಬಾವಿಯನ್ನು ಅಡ್ಡ ಬಾವಿ ಎಂದು ಕರೆಯಲಾಗುತ್ತದೆ. ತೈಲಪದರವು ತೆಳುವಾಗಿರುವ ಕಡೆ ಈ ವಿಧಾನವು ವಿಶೇಷವಾಗಿ ಉಪಯುಕ್ತವಾಗಿರುತ್ತದೆ.

ನಾರ್ವೆ ದೇಶಕ್ಕೆ ಸೇರಿದ, ಉತ್ತರ ಸಮುದ್ರದಲ್ಲಿ 1979ರಲ್ಲಿ ಪತ್ತೆಯಾದ ಟ್ರೋಲ್ ಕ್ಷೇತ್ರವು ಇದಕ್ಕೆ ನಿದರ್ಶನ. ಇಲ್ಲಿ ಮೇಲೆ ಅಪಾರ ಅನಿಲ, ಕೆಳಗೆ ನೀರು, ನಡುವೆ ತೈಲವಿರುತ್ತದೆ. ಉತ್ಪಾದನೆಗೆ ಮುನ್ನ ತೈಲಪದರದ ದಪ್ಪವು ಒಂದು ಭಾಗದಲ್ಲಿ 22ರಿಂದ 26 ಮೀಟರ್, ಇನ್ನೊಂದು ಭಾಗದಲ್ಲಿ 12ರಿಂದ 14 ಮೀಟರ್ ಮಾತ್ರ ಇದ್ದಿತು. ಅಡ್ಡ ಬಾವಿಗಳ ಮೂಲಕ 1995ರಲ್ಲಿ ತೈಲೋತ್ಪಾದನೆ ಆರಂಭವಾಯಿತು.

ಸಮಸ್ಯೆ ಏನು?

ಹನಿ ನೀರಾವರಿ ಅಳವಡಿಸಿರುವ ರೈತರಿಗೆ ಇದು ಪರಿಚಿತವೇ. ಉದ್ದನೆಯ ಪೈಪಿನ ಆರಂಭದಲ್ಲಿರುವ ಗಿಡಗಳಿಗೆ ಹೆಚ್ಚು ನೀರು, ಕೊನೆಯ ಗಿಡಗಳಿಗೆ ಕಡಿಮೆ. ಪೈಪಿನೊಳಗಿನ ಘರ್ಷಣೆಯೇ ಕಾರಣ. ಅಡ್ಡ ಬಾವಿಯಲ್ಲಿ ಹರಿವು ಹೊರಕ್ಕಲ್ಲ, ಒಳಕ್ಕೆ. ಆದರೆ ಕಾರಣವು ಅದೇ. ಬಾವಿಯು ತಿರುಗುವ ಸ್ಥಳದಲ್ಲಿ, ಅಂದರೆ ಹಿಮ್ಮಡಿಯಲ್ಲಿ, ಸೆಳೆತ ಅಧಿಕ, ತುದಿಯಲ್ಲಿ ಅಲ್ಪ. ಟ್ರೋಲ್‌ನ ಮರಳುಗಲ್ಲಿನಲ್ಲಿ ತೈಲವು ಬಹು ಸುಲಭವಾಗಿ ಹರಿಯುವುದರಿಂದ ಅಲ್ಪ ಸೆಳೆತವೇ ಸಾಕು. ಪ್ರಯುಕ್ತ ಪೈಪಿನ ಘರ್ಷಣೆಯು ಗಣನೀಯವಾಗುತ್ತದೆ. ಹಿಮ್ಮಡಿಗೆ ಅನಿಲವು ಒಮ್ಮೆ ನುಗ್ಗಿದರೆ ಅದೇ ಬಾವಿಯನ್ನು ಆಕ್ರಮಿಸಿ, ತುದಿಯ ತೈಲವು ನೆಲದಲ್ಲೇ ಉಳಿಯುತ್ತದೆ.

ಸಾಧನ ಮತ್ತು ಲೆಕ್ಕಾಚಾರ

ಒಳಹರಿವು ನಿಯಂತ್ರಣ ಸಾಧನವೆಂದರೆ ಪೈಪಿನ ಪ್ರತಿ ತುಂಡಿನಲ್ಲಿ ಅಳವಡಿಸುವ ಕಿರಿದಾದ ರಂಧ್ರ ಅಥವಾ ಕಾಲುವೆ. ರಂಧ್ರದ ಮಾದರಿಯಲ್ಲಿ ಹರಿವು ಎರಡರಷ್ಟಾದರೆ ಒತ್ತಡದ ನಷ್ಟವು ನಾಲ್ಕರಷ್ಟಾಗುತ್ತದೆ. ಆದ್ದರಿಂದ ಹೆಚ್ಚು ಹರಿಯುವ ಭಾಗವು ತಾನಾಗಿಯೇ ತಡೆಯಲ್ಪಡುತ್ತದೆ.

ಜೋಶಿಯವರು 1988ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸೂತ್ರವು ಬಾವಿಯ ಉದ್ದಕ್ಕೂ ಒತ್ತಡ ಒಂದೇ ಎಂದು ಭಾವಿಸುತ್ತದೆ. ಸರಳ ಅಂದಾಜಿಗೆ ಇದು ಸಾಕಾದರೂ ಇಲ್ಲಿಗೆ ಸಾಲದು. ಘರ್ಷಣೆಯನ್ನು ಪರಿಗಣಿಸಬೇಕೆಂಬುದನ್ನು ಡಿಕೆನ್ 1990ರಲ್ಲಿ ತೋರಿಸಿದರು. ಈಗ ಬಾವಿಯನ್ನು ಅನೇಕ ಖಂಡಗಳಾಗಿ ವಿಂಗಡಿಸಿ, ಪ್ರತಿ ಖಂಡಕ್ಕೂ ಶಿಲೆಯಿಂದ ಬರುವ ಹರಿವು, ಸಾಧನದಲ್ಲಿನ ನಷ್ಟ ಹಾಗೂ ಪೈಪಿನ ಘರ್ಷಣೆ ಈ ಮೂರನ್ನೂ ಗಣಕಯಂತ್ರದಲ್ಲಿ ಒಟ್ಟಿಗೆ ಬಿಡಿಸಲಾಗುತ್ತದೆ. ರಂಧ್ರವನ್ನು ಅತಿ ಕಿರಿದು ಮಾಡಿದರೆ ಉತ್ಪಾದನೆ ಕುಗ್ಗುತ್ತದೆ, ಅತಿ ಹಿರಿದಾದರೆ ಸಾಧನವು ನಿಷ್ಪ್ರಯೋಜಕ.

ಸ್ಥಿರ ಮಾದರಿಯ ಸಾಧನವನ್ನು ಬಾವಿಗೆ ಇಳಿಸಿದ ಮೇಲೆ ಅದರ ಗಾತ್ರವನ್ನು ಬದಲಿಸಲು ಬರುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಅನಿಲ ಬಂದಾಗ ತಾನೇ ಬಿಗಿಯಾಗುವ ಸ್ವಯಂಚಾಲಿತ ಕವಾಟಗಳನ್ನು ನಂತರ ಟ್ರೋಲ್‌ನಲ್ಲಿಯೂ ಬಳಸಲಾಗಿದೆ. ನಾರ್ವೆಯಲ್ಲಿ ಸಮುದ್ರತಳದ ತೈಲವು ರಾಷ್ಟ್ರದ ಸ್ವತ್ತಾಗಿದ್ದು, ಕ್ಷೇತ್ರದ ಅಭಿವೃದ್ಧಿ ಯೋಜನೆಗೆ ಸರ್ಕಾರದ ಅನುಮೋದನೆ ಅಗತ್ಯವಿರುತ್ತದೆ. ನೆಲದಲ್ಲೇ ಉಳಿಯುವ ತೈಲವು ಅಲ್ಲಿನ ನಾಗರಿಕರಿಗೇ ಆಗುವ ನಷ್ಟ.