ಕ್ಲೋರಮೀನ್-ಟಿ ಮತ್ತು ಕ್ರಿಯಾವಿಧಾನದ ನಿರ್ಣಯ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಗೊಂಡ ಕಾರ್ಖಾನೆಯ ಹೆಲಿಕಾಪ್ಟರು ಹೇಗೆ ನಡೆಯುವುದೆಂದು ತಿಳಿಯಬೇಕಾದರೆ ಅದರ ಎಂಜಿನ್ನನ್ನು ಬಿಚ್ಚಿ ನೋಡಬಹುದು. ರಾಸಾಯನಿಕ ಕ್ರಿಯೆಯನ್ನು ಹಾಗೆ ಬಿಚ್ಚಲು ಬಾರದು. ಮೊದಲಿನ ವಸ್ತು, ಕೊನೆಯ ಉತ್ಪನ್ನ, ನಡುವೆ ಹೊತ್ತು ಕಳೆದಂತೆ ಕುಂದುತ್ತ ಬರುವ ಸಾರತೆ, ಇಷ್ಟೇ ನಮ್ಮ ಅಳತೆಗೆ ಸಿಕ್ಕುವುವು. ಇವುಗಳಿಂದ ಒಳಗಣ ಹಂತಗಳನ್ನು ತರ್ಕಿಸುವುದು ಭೌತ ಸಾವಯವ ರಸಾಯನಶಾಸ್ತ್ರದ ಮುಖ್ಯ ಕೆಲಸಗಳಲ್ಲೊಂದು.

ಬೆಲೆಬಾಳುವ ಉಪಕರಣಗಳಿಲ್ಲದೆ ಈ ಶಾಸ್ತ್ರದಲ್ಲಿ ಹೆಜ್ಜೆಯಿಡಲಾಗದೆಂಬ ಭಾವನೆ ಕಾಲೇಜುಗಳಲ್ಲಿ ಉಂಟು. ಇದು ಪೂರ್ತಿ ನಿಜವಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಡಿ. ಎಸ್. ಮಹದೇವಪ್ಪನವರೂ ಅವರ ಸಹೋದ್ಯೋಗಿಗಳೂ 1970 ಮತ್ತು 1980ರ ದಶಕಗಳಲ್ಲಿ ಕ್ಲೋರಮೀನ್-ಟಿಯಿಂದಾಗುವ ಉತ್ಕರ್ಷಣಗಳನ್ನು ಅಭ್ಯಸಿಸಿದಾಗ ಬ್ಯೂರೆಟ್ಟೇ ಅವರ ಪ್ರಧಾನ ಸಾಧನವಾಗಿತ್ತು. ಉತ್ಕರ್ಷಿತವಾಗಬೇಕಾದ ವಸ್ತುವನ್ನು, ಅಮೈನೋ ಆಮ್ಲವೆನ್ನೋಣ, ಬಹಳ ಹೆಚ್ಚಾಗಿ ತೆಗೆದುಕೊಂಡು, ಸ್ಥಿರೋಷ್ಣತೆಯಲ್ಲಿ ಕ್ಲೋರಮೀನ್-ಟಿಯೊಡನೆ ಬೆರಸಬೇಕು. ನಿಗದಿಯಾದ ವೇಳೆಗಳಲ್ಲಿ ಒಂದೊಂದು ಪಾಲನ್ನು ಪಿಪೆಟ್ಟಿನಿಂದ ತೆಗೆದು, ಆಮ್ಲ ಬೆರಸಿದ ಪೊಟ್ಯಾಸಿಯಂ ಅಯೊಡೈಡಿಗೆ ಸುರಿದರೆ ಅಯೊಡಿನ್ ಬಿಡುಗಡೆಯಾಗುತ್ತದೆ. ಅದನ್ನು ಪಿಷ್ಟದ ಸೂಚಕವಿಟ್ಟು ಥಯೊಸಲ್ಫೇಟಿನಿಂದ ಅಳೆಯುವುದು ಬಿ.ಎಸ್‌ಸಿ. ವಿದ್ಯಾರ್ಥಿಗೂ ಪರಿಚಿತವೇ.

ಕಷ್ಟವಿರುವುದು ಅಳೆಯುವುದರಲ್ಲಲ್ಲ, ಅರ್ಥೈಸುವುದರಲ್ಲಿ. ಆಮ್ಲೀಯ ದ್ರಾವಣದಲ್ಲಿ ಕ್ಲೋರಮೀನ್-ಟಿ ಪ್ರೋಟಾನನ್ನು ಪಡೆದು ಮಾನೋಕ್ಲೋರಮೀನ್ ಆಗುತ್ತದೆ. ಅದು ತಾನೇ ವಸ್ತುವನ್ನು ಉತ್ಕರ್ಷಿಸಬಹುದು. ನೀರಿನೊಡನೆ ವರ್ತಿಸಿ ಹೈಪೊಕ್ಲೋರಸ್ ಆಮ್ಲವನ್ನು ಕೊಡಬಹುದು. ಅಥವಾ ಅದರ ಎರಡು ಅಣುಗಳು ಕೂಡಿ ಡೈಕ್ಲೋರಮೀನ್-ಟಿ ಹುಟ್ಟಬಹುದು. ಈ ಕೊನೆಯ ಎರಡು ಸಮತೋಲಗಳಲ್ಲೂ ಟಾಲ್ವೀನ್ ಸಲ್ಫೊನಮೈಡ್ ಹೊರಬೀಳುತ್ತದೆ. ಮೂರು ಉತ್ಕರ್ಷಕಗಳೂ ಅಯೊಡಿನನ್ನು ಬಿಡಿಸುವುದರಿಂದ ಬ್ಯೂರೆಟ್ಟು ಅವುಗಳ ಮೊತ್ತವನ್ನು ಮಾತ್ರ ಹೇಳಬಲ್ಲುದು.

ಆದ್ದರಿಂದ ಸಲ್ಫೊನಮೈಡನ್ನೇ ಬೇರೆಯಾಗಿ ಸೇರಿಸಿ ನೋಡುವುದುಂಟು. ವೇಗ ಕದಲದಿದ್ದರೆ ಮೊದಲಿನ ದಾರಿಯೇ ಸಂಭಾವ್ಯ. ವೇಗ ಕುಗ್ಗಿದರೆ ಉಳಿದ ಎರಡರಲ್ಲೊಂದು. ನಿಧಾನದ ಹಂತಕ್ಕೆ ಮುನ್ನ ಸಮತೋಲ ಏರ್ಪಡುವುದೆಂಬುದು ಇಲ್ಲಿನ ಗ್ರಹಿಕೆ. ಇವೆರಡರಲ್ಲೂ, ಸಲ್ಫೊನಮೈಡನ್ನು ಮೊದಲೇ ಸೇರಿಸದಿದ್ದರೆ, ಅದು ಕ್ರಿಯೆಯಲ್ಲೇ ಹುಟ್ಟಿ ತಡೆಯೊಡ್ಡುವುದರಿಂದ ಸಾರತೆಯ ಲಾಗರಿತಮ್ಮನ್ನು ಕಾಲಕ್ಕೆ ಎದುರಾಗಿ ಎಳೆದ ರೇಖೆ ಬಾಗುತ್ತದೆ. ಬಾಗಿದ ಕೊನೆಯ ಬಿಂದುಗಳನ್ನು ಕೈತಪ್ಪೆಂದು ಬಗೆದು ಬಿಟ್ಟು, ಉಳಿದವುಗಳ ಮೇಲೆ ನೆಟ್ಟನೆಯ ಗೆರೆ ಎಳೆಯುವ ಅಭ್ಯಾಸ ನಮ್ಮ ಪ್ರಯೋಗಶಾಲೆಗಳಲ್ಲಿ ಇಲ್ಲದಿಲ್ಲ. ಹಾಗೆ ಬಿಟ್ಟದ್ದರಲ್ಲೇ ಸಾಕ್ಷ್ಯ ಅಡಗಿರಬಹುದು.

ಮುಂದೆ ಮಾಡತಕ್ಕದ್ದು ಇಷ್ಟೆ: ಸಲ್ಫೊನಮೈಡನ್ನು ಆರಂಭದಿಂದಲೇ ಹೆಚ್ಚಾಗಿಟ್ಟು ಅದರ ಸಾರತೆಯನ್ನು ಸ್ಥಿರಗೊಳಿಸುವುದು. ಆಗ ರೇಖೆ ನೇರವಾದರೆ ಹೈಪೊಕ್ಲೋರಸ್ ಆಮ್ಲದ ದಾರಿ. ಡೈಕ್ಲೋರಮೀನಿನದಾದರೆ ವೇಗವು ಮಾನೋಕ್ಲೋರಮೀನಿನ ಸಾರತೆಯ ವರ್ಗವನ್ನು ಅನುಸರಿಸುವುದರಿಂದ ಬಾಗು ಉಳಿದೇ ಉಳಿಯುತ್ತದೆ.

ಇಷ್ಟಾದರೂ ವೇಗನಿಯಮ ತಿಳಿಸುವುದು ಸಂಕ್ರಮಣ ಸ್ಥಿತಿಯಲ್ಲಿ ಯಾವ ಯಾವ ಘಟಕಗಳಿವೆ ಎಂಬುದನ್ನು. ಅವು ಹೇಗೆ ಜೋಡಿಸಿಕೊಂಡಿವೆ ಎಂಬುದನ್ನಲ್ಲ. ದ್ರಾವಕವಾಗಿರುವ ನೀರಿನ ಪಾತ್ರವೂ ಅದರಲ್ಲಿ ಕಾಣುವುದಿಲ್ಲ. ಇಂಗಾಲ-ಜಲಜನಕ ಬಂಧವೊಂದು ನಿಧಾನದ ಹಂತದಲ್ಲಿ ಮುರಿಯುವುದೋ ಎಂದು ತಿಳಿಯಲು ಆ ಜಲಜನಕದ ಬದಲು ಡ್ಯುಟೀರಿಯಮ್ ಇಟ್ಟು ನೋಡಬೇಕು. ಮುರಿಯುವುದಾದರೆ 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ವೇಗ ಸುಮಾರು ಏಳನೆಯ ಒಂದು ಪಾಲಿನವರೆಗೂ ಇಳಿಯಬಹುದು. ಈ ಹಂತದಲ್ಲಿ ಮಾತ್ರ ಕಾಲೇಜು ವಿಶ್ವವಿದ್ಯಾನಿಲಯದ ನೆರವನ್ನು ಕೋರಬೇಕಾಗುತ್ತದೆ.